ಕರ್ಮನಾಶಾ ಕಣಿವೆಯ ಮಣ್ಣಿನ ಅಣೆಕಟ್ಟುಗಳು

ವಾರಾಣಸಿ ಎಂದೊಡನೆ ಕನ್ನಡ ನಾಡಿನ ಜನರ ಕಣ್ಣ ಮುಂದೆ ಬರುವುದು ಗಂಗಾನದಿ, ಅದರ ಘಟ್ಟಗಳು ಮತ್ತು ವಿಶ್ವನಾಥನ ಸನ್ನಿಧಿ. ಕಾಶೀಯಾತ್ರೆ ಮಾಡಿ ಬಂದವರೂ ನಗರದ ಆಚೆಗಿನ ಗ್ರಾಮಪ್ರದೇಶವನ್ನು ಕಂಡಿರುವುದು ಅಪರೂಪ. ಗಂಗೆಯನ್ನು ದಾಟಿ ಆಗ್ನೇಯ ದಿಕ್ಕಿನಲ್ಲಿ ಸುಮಾರು 50 ಕಿಲೋಮೀಟರ್ ಸಾಗಿದರೆ ಚಕಿಯಾ ಎಂಬ ಊರು ಸಿಗುತ್ತದೆ. ಅಲ್ಲಿಗೆ ಬಯಲು ಮುಗಿದು, ಅದರ ದಕ್ಷಿಣಕ್ಕೆ ವಿಂಧ್ಯ ಪರ್ವತಶ್ರೇಣಿಗೆ ಸೇರಿದ ಕೈಮೂರ್ ಬೆಟ್ಟಗಳು ಆರಂಭವಾಗುತ್ತವೆ. ಈ ಬೆಟ್ಟಗಳ ನಡುವೆ ಮಣ್ಣಿನಿಂದ ಕಟ್ಟಿದ ಅಣೆಕಟ್ಟುಗಳು ಮಳೆಗಾಲದ ನೀರನ್ನು ತಡೆದು ನಿಲ್ಲಿಸಿ, ಕೆಳಗಿನ ಬಯಲಿನ ಬತ್ತದ ಗದ್ದೆಗಳಿಗೆ ಒದಗಿಸುತ್ತಿವೆ.

ಈ ಪ್ರದೇಶವು ಹಿಂದೆ ವಾರಾಣಸಿ ಜಿಲ್ಲೆಯ ಭಾಗವಾಗಿತ್ತು. 1997ರಲ್ಲಿ ಪ್ರತ್ಯೇಕ ಚಂದೌಲಿ ಜಿಲ್ಲೆಯ ರಚನೆಯಾಯಿತು. ಉತ್ತರ ಪ್ರದೇಶದಲ್ಲಿ ಈ ಜಿಲ್ಲೆಗೆ ‘ಧಾನ್ ಕಾ ಕಟೋರಾ’, ಅಂದರೆ ‘ಬತ್ತದ ಬಟ್ಟಲು’ ಎಂಬ ಹೆಸರು ರೂಢಿಯಲ್ಲಿದೆ. ಈ ಬಟ್ಟಲು ತುಂಬುವುದರಲ್ಲಿ ಮಣ್ಣಿನ ಅಣೆಕಟ್ಟುಗಳ ಪಾಲು ದೊಡ್ಡದು. ಕೇವಲ ಮಣ್ಣು ಅಗಾಧವಾದ ಜಲರಾಶಿಯನ್ನು ಹೇಗೆ ತಡೆಯುತ್ತದೆ, ಅದಕ್ಕೆ ಯಾವ ಅಪಾಯಗಳಿವೆ, ಅದನ್ನು ಕಾಪಾಡುವ ಬಗೆ ಯಾವುದು ಎಂಬುದನ್ನು ತಿಳಿಯಲು ಕರ್ಮನಾಶಾ ಕಣಿವೆ ಒಂದು ಉತ್ತಮ ನಿದರ್ಶನವಾಗಿದೆ.

ನದಿ ಮತ್ತು ನೆಲ

ಕರ್ಮನಾಶಾ ನದಿಯು ಬಿಹಾರದ ಕೈಮೂರ್ ಬೆಟ್ಟಗಳಲ್ಲಿ ಹುಟ್ಟಿ, ಉತ್ತರಾಭಿಮುಖವಾಗಿ ಹರಿದು, ಬಕ್ಸರ್ ಜಿಲ್ಲೆಯ ಚೌಸಾ ಬಳಿ ಗಂಗೆಯನ್ನು ಸೇರುತ್ತದೆ. ಇದರ ಉದ್ದ ಸುಮಾರು 192 ಕಿಲೋಮೀಟರ್. ಬಹುದೂರದವರೆಗೆ ಇದು ಉತ್ತರ ಪ್ರದೇಶ ಮತ್ತು ಬಿಹಾರ ರಾಜ್ಯಗಳ ಗಡಿಯಾಗಿ ಹರಿಯುತ್ತದೆ. 1539ರಲ್ಲಿ ಶೇರ್ ಖಾನನು ಮೊಗಲ್ ದೊರೆ ಹುಮಾಯೂನನನ್ನು ಸೋಲಿಸಿದ ಚೌಸಾ ಕದನ ನಡೆದುದು ಈ ನದಿಯು ಗಂಗೆಯನ್ನು ಕೂಡುವ ಪ್ರದೇಶದಲ್ಲಿಯೇ.

ನದಿಯ ಹೆಸರೇ ವಿಚಿತ್ರವಾದುದು. ಕರ್ಮನಾಶಾ ಎಂದರೆ ಪುಣ್ಯಕರ್ಮವನ್ನು ನಾಶಮಾಡುವವಳು ಎಂದು ಅಲ್ಲಿನ ಜನ ಅರ್ಥ ಹೇಳುತ್ತಾರೆ. ಆಕಾಶದಲ್ಲಿ ತಲೆಕೆಳಗಾಗಿ ನಿಂತ ತ್ರಿಶಂಕುವಿನ ಬಾಯಿಂದ ಸುರಿದ ಜೊಲ್ಲಿನಿಂದ ಈ ನದಿ ಹುಟ್ಟಿತೆಂಬುದು ಪುರಾಣಕಥೆ. ಇದರ ನೀರು ಸೋಕಿದರೆ ಗಳಿಸಿದ ಪುಣ್ಯವೆಲ್ಲ ಹೋಗುವುದೆಂದು ನಂಬಿದ್ದ ಯಾತ್ರಿಕರು ನೀರಿಗೆ ಕಾಲಿಡದೆ ನದಿಯನ್ನು ದಾಟಲು ಹವಣಿಸುತ್ತಿದ್ದರು. ಕಾಶಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದು, ಮುಂದೆ ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿ ಪ್ರಸಿದ್ಧನಾದ ಜೇಮ್ಸ್ ಪ್ರಿನ್ಸೆಪ್ ಈ ನದಿಗೆ ಕಲ್ಲಿನ ಸೇತುವೆಯನ್ನು ರೂಪಿಸಿದನು. ಒಂದು ಕಾಲದಲ್ಲಿ ಜನ ಮುಟ್ಟಲು ಅಂಜುತ್ತಿದ್ದ ನದಿಯೇ ಇಂದು ಸಾವಿರಾರು ರೈತ ಕುಟುಂಬಗಳ ಅನ್ನದ ಮೂಲವಾಗಿದೆ.

ಭೂರಚನೆಯ ದೃಷ್ಟಿಯಿಂದ ಈ ಪ್ರದೇಶದಲ್ಲಿ ಎರಡು ಸ್ಪಷ್ಟ ಭಾಗಗಳಿವೆ. ದಕ್ಷಿಣದ ನೌಗಢ ಮತ್ತು ಚಕಿಯಾ ಭಾಗಗಳಲ್ಲಿ ಮರಳುಗಲ್ಲಿನ ಪ್ರಸ್ಥಭೂಮಿ, ಕಾಡು ಮತ್ತು ತೆಳುವಾದ ಮೇಲ್ಮಣ್ಣು ಇವೆ. ಉತ್ತರದಲ್ಲಿ ಗಂಗೆ ಮತ್ತು ಅದರ ಉಪನದಿಗಳು ತಂದು ಹರಡಿದ ಮೆಕ್ಕಲು ಮಣ್ಣಿನ ಸಮತಟ್ಟಾದ ಬಯಲಿದೆ. ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆ ಬೀಳುತ್ತದಾದರೂ ಅದರ ಬಹುಪಾಲು ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳ ನಡುವೆಯೇ ಸುರಿದುಹೋಗುತ್ತದೆ. ಬೆಟ್ಟದ ಮೇಲೆ ಬಿದ್ದ ನೀರು ಕಡಿದಾದ ಇಳಿಜಾರಿನಲ್ಲಿ, ಅಲ್ಲಲ್ಲಿ ಜಲಪಾತಗಳಾಗಿ ಧುಮುಕಿ, ಕೆಲವೇ ದಿನಗಳಲ್ಲಿ ಗಂಗೆಯ ಪಾಲಾಗುತ್ತದೆ. ಕರ್ಮನಾಶಾದ ಉಪನದಿಯಾದ ಚಂದ್ರಪ್ರಭೆಯ ಮೇಲಿರುವ ರಾಜದರಿ ಮತ್ತು ದೇವದರಿ ಜಲಪಾತಗಳು ಇದಕ್ಕೆ ಸಾಕ್ಷಿ. ನೀರು ಬೀಳುವ ನೆಲದಲ್ಲಿ ಬೇಸಾಯಕ್ಕೆ ಯೋಗ್ಯವಾದ ಭೂಮಿ ಕಡಿಮೆ. ಒಳ್ಳೆಯ ಭೂಮಿಯಿರುವ ಬಯಲಿನಲ್ಲಿ ಅಗತ್ಯವಾದ ಹೊತ್ತಿಗೆ ನೀರಿಲ್ಲ. ಬೆಟ್ಟದ ನೀರನ್ನು ಬೆಟ್ಟದ ಬುಡದಲ್ಲಿಯೇ ಹಿಡಿದಿಟ್ಟು, ಬಯಲಿಗೆ ಸಕಾಲದಲ್ಲಿ ಬಿಡುವುದೊಂದೇ ಈ ತೊಡಕಿಗೆ ಪರಿಹಾರವಾಗಿತ್ತು.

ಮೂರು ಹಂತಗಳ ವ್ಯವಸ್ಥೆ

ಕರ್ಮನಾಶಾ ನದಿಯ ನೀರಾವರಿಯು ಒಂದೇ ಸಲಕ್ಕೆ ರೂಪುಗೊಂಡುದಲ್ಲ. ಚಕಿಯಾ ಪ್ರದೇಶವು ಬನಾರಸ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1921ರಲ್ಲಿ, ಬೆಟ್ಟಗಳಿಂದ ನದಿ ಹೊರಬರುವ ಸ್ಥಳದಲ್ಲಿ ಲತೀಫ್ ಶಾಹ್ ಒಡ್ಡು ಪೂರ್ಣಗೊಂಡಿತು. ಅಲ್ಲಿ ಸಮಾಧಿಯಾಗಿರುವ ಸೂಫಿ ಸಂತನ ಹೆಸರೇ ಒಡ್ಡಿಗೂ ಬಂದಿದೆ. ಇದು ಹೆಚ್ಚು ನೀರನ್ನು ಸಂಗ್ರಹಿಸುವ ಜಲಾಶಯವಲ್ಲ. ಹರಿಯುವ ನೀರಿನ ಮಟ್ಟವನ್ನು ಎತ್ತರಿಸಿ ಎಡದಂಡೆ ಮತ್ತು ಬಲದಂಡೆ ಕಾಲುವೆಗಳಿಗೆ ತಿರುಗಿಸುವುದು ಇದರ ಕೆಲಸ. ಮಳೆಗಾಲದಲ್ಲಿ ಹೆಚ್ಚಾದ ನೀರು ಇದರ ನೆತ್ತಿಯ ಮೇಲೆ ಹರಿದು ಕೆಳಗೆ ಧುಮುಕುವ ನೋಟವನ್ನು ಕಾಣಲು ಜನ ಗುಂಪುಗೂಡುತ್ತಾರೆ.

ನದಿಯಲ್ಲಿ ನೀರಿದ್ದಾಗ ಮಾತ್ರ ಒಡ್ಡಿನಿಂದ ಪ್ರಯೋಜನ. ಮಳೆ ನಿಂತ ಬಳಿಕ ಕಾಲುವೆಗಳು ಬರಿದಾಗುತ್ತಿದ್ದವು. ಸ್ವಾತಂತ್ರ್ಯಾನಂತರ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಈ ಕೊರತೆಯನ್ನು ನೀಗಿಸುವ ಪ್ರಯತ್ನ ನಡೆಯಿತು. ಪ್ರಸ್ಥಭೂಮಿಯ ಮೇಲೆ 1957-58ರಲ್ಲಿ ನೌಗಢ ಅಣೆಕಟ್ಟನ್ನೂ, ಅದರ ಕೆಳಗೆ 1967ರಲ್ಲಿ ಮೂಸಾಖಾಂಡ್ ಅಣೆಕಟ್ಟನ್ನೂ ಕಟ್ಟಲಾಯಿತು. ಇವೆರಡರ ಮುಖ್ಯ ದೇಹ ಮಣ್ಣಿನದು. ನೌಗಢದಲ್ಲಿ ನಿಂತ ನೀರು ನದಿಯ ಮೂಲಕ ಮೂಸಾಖಾಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಬಿಟ್ಟ ನೀರು ಲತೀಫ್ ಶಾಹ್ ಒಡ್ಡನ್ನು ತಲುಪಿ ಕಾಲುವೆಗಳಿಗೆ ಹರಿಯುತ್ತದೆ. ಹೀಗೆ ಮೇಲಿನ ಎರಡು ಹಂತಗಳು ನೀರಿನ ಕಣಜಗಳಾದರೆ, ಮೂರನೆಯ ಹಂತ ಅದನ್ನು ಹಂಚುವ ಬಾಗಿಲು. ಪಕ್ಕದ ಚಂದ್ರಪ್ರಭಾ ಅಣೆಕಟ್ಟು ತನ್ನ ಕಣಿವೆಯ ನೀರನ್ನು ಕೂಡಿಸಿ ಬಯಲಿನ ಬೇರೆ ಕಾಲುವೆಗಳಿಗೆ ಒದಗಿಸುತ್ತದೆ. ಮೂಸಾಖಾಂಡ್ ಜಲಾಶಯದ ನೀರಿನಲ್ಲಿ ನೆರೆಯ ಬಿಹಾರದ ರೈತರಿಗೂ ಪಾಲಿದೆ. ಇಷ್ಟಾದರೂ ಸಾಲದೆ, ಮಿರ್ಜಾಪುರ ಜಿಲ್ಲೆಯ ನಾರಾಯಣಪುರದಲ್ಲಿ ಗಂಗೆಯ ನೀರನ್ನು ಪಂಪುಗಳಿಂದ ಎತ್ತಿ ಈ ಬಯಲಿಗೆ ಹರಿಸುವ ಏತ ಕಾಲುವೆಯೂ ಬಂದಿದೆ.

ಮಣ್ಣನ್ನೇ ಆರಿಸುವುದೇಕೆ?

ಕಲ್ಲು ಮತ್ತು ಕಾಂಕ್ರೀಟಿನ ಅಣೆಕಟ್ಟುಗಳು ಹೆಚ್ಚು ಗಟ್ಟಿಯೆಂದು ಜನಸಾಮಾನ್ಯರು ಭಾವಿಸುವುದು ಸಹಜ. ಆದರೆ ಭಾರತದಲ್ಲಿರುವ ಐದು ಸಾವಿರಕ್ಕೂ ಹೆಚ್ಚಿನ ದೊಡ್ಡ ಅಣೆಕಟ್ಟುಗಳಲ್ಲಿ ಬಹುಪಾಲು ಮಣ್ಣಿನವೇ. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ವೆಚ್ಚ. ಮಣ್ಣು ಅಣೆಕಟ್ಟಿನ ಸಮೀಪದಲ್ಲಿಯೇ ದೊರೆಯುವುದರಿಂದ ಸಿಮೆಂಟು, ಉಕ್ಕುಗಳನ್ನು ದೂರದಿಂದ ತರುವ ಖರ್ಚು ಉಳಿಯುತ್ತದೆ. ಎರಡನೆಯದು ಅಡಿಪಾಯ. ಕಾಂಕ್ರೀಟಿನ ಅಣೆಕಟ್ಟು ತನ್ನ ಭಾರವನ್ನೆಲ್ಲ ಕಿರಿದಾದ ತಳದ ಮೇಲೆ ಹೇರುವುದರಿಂದ ಅದಕ್ಕೆ ಗಟ್ಟಿಯಾದ ಬಂಡೆಯೇ ಬೇಕು. ಮಣ್ಣಿನ ಅಣೆಕಟ್ಟು ಅಗಲವಾಗಿ ಹರಡಿ ಕುಳಿತುಕೊಳ್ಳುವುದರಿಂದ ಸಾಧಾರಣ ನೆಲವೂ ಅದನ್ನು ತಾಳಿಕೊಳ್ಳುತ್ತದೆ. ಮೂರನೆಯದು ಹೊಂದಿಕೊಳ್ಳುವ ಗುಣ. ತಳದ ನೆಲ ಅಲ್ಪಸ್ವಲ್ಪ ಕುಸಿದರೆ ಕಾಂಕ್ರೀಟು ಬಿರುಕು ಬಿಡುತ್ತದೆ; ಸರಿಯಾಗಿ ಕಟ್ಟಿದ ಮಣ್ಣಿನ ಏರಿ ನೆಲದೊಂದಿಗೆ ತಾನೂ ಸ್ವಲ್ಪ ತಗ್ಗಿ ಹೊಂದಿಕೊಳ್ಳುತ್ತದೆ.

ಕನ್ನಡ ನಾಡಿನವರಿಗೆ ಈ ವಿದ್ಯೆ ಹೊಸದಲ್ಲ. ನಾಡಿನ ಸಾವಿರಾರು ಕೆರೆಗಳ ಏರಿಗಳು ಮಣ್ಣಿನವೇ ಆಗಿವೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಗೆ ಏರಿ ಹಾಕಿ ವಿಶಾಲವಾದ ಜಲರಾಶಿಯನ್ನು ನಿಲ್ಲಿಸಿದ ಕೆಲಸ. ಕೆರೆಯ ಏರಿ, ತೂಬು, ಕೋಡಿ ಎಂಬ ಮೂರು ಪದಗಳನ್ನು ಅರಿತವರಿಗೆ ನೌಗಢದ ಅಣೆಕಟ್ಟಿನ ಅಂಗಾಂಗಗಳನ್ನು ಗುರುತಿಸುವುದು ಕಷ್ಟವಾಗದು. ಅವುಗಳ ಗಾತ್ರ ದೊಡ್ಡದು, ಲೆಕ್ಕಾಚಾರ ಸೂಕ್ಷ್ಮವಾದುದು, ತತ್ತ್ವ ಒಂದೇ.

ಒಳಗಿನ ರಚನೆ

ಹೊರಗಿನಿಂದ ನೋಡುವವರಿಗೆ ಮಣ್ಣಿನ ಅಣೆಕಟ್ಟು ಉದ್ದನೆಯ ದಿಬ್ಬದಂತೆ ಕಾಣುತ್ತದೆ. ಒಳಗೆ ಬೇರೆ ಬೇರೆ ಗುಣದ ಮಣ್ಣುಗಳನ್ನು ನಿಯತವಾದ ಸ್ಥಾನಗಳಲ್ಲಿ ಜೋಡಿಸಿರುತ್ತಾರೆ.

ನೀರಿನ ಒತ್ತಡವು ಜಲಾಶಯ ಎಷ್ಟು ದೂರ ಹಿಂದಕ್ಕೆ ಹರಡಿದೆ ಎಂಬುದನ್ನು ಅವಲಂಬಿಸುವುದಿಲ್ಲ. ನೀರಿನ ಆಳವನ್ನು ಮಾತ್ರ ಅವಲಂಬಿಸುತ್ತದೆ. ಇಪ್ಪತ್ತು ಮೀಟರ್ ಆಳದಲ್ಲಿ ಒಂದು ಚದರ ಮೀಟರ್ ಪ್ರದೇಶದ ಮೇಲೆ ಬೀಳುವ ಒತ್ತಡ ಸುಮಾರು 20 ಟನ್. ಇದನ್ನು ಎದುರಿಸಲು ಏರಿಯ ಬುಡ ಬಹಳ ಅಗಲವಾಗಿರಬೇಕು. ಉದಾಹರಣೆಗೆ, 20 ಮೀಟರ್ ಎತ್ತರದ ಏರಿಯ ನೆತ್ತಿ 6 ಮೀಟರ್ ಅಗಲವಿದ್ದು, ನೀರಿನ ಕಡೆ ಒಂದಕ್ಕೆ ಮೂರರಂತೆಯೂ ಹಿಂಭಾಗದಲ್ಲಿ ಒಂದಕ್ಕೆ ಎರಡರಂತೆಯೂ ಇಳಿಜಾರು ಕೊಟ್ಟರೆ, ಬುಡದ ಅಗಲ 60, 6 ಮತ್ತು 40 ಸೇರಿ 106 ಮೀಟರ್ ಆಗುತ್ತದೆ. ನೀರಿನ ಕಡೆಯ ಇಳಿಜಾರು ಹೆಚ್ಚು ಓರೆಯಾಗಿರಲು ಕಾರಣವಿದೆ. ಆ ಭಾಗದ ಮಣ್ಣು ಸದಾ ನೆನೆದಿರುತ್ತದೆ. ಜಲಾಶಯದ ನೀರನ್ನು ಬೇಗ ಬೇಗನೆ ಇಳಿಸಿದರೆ ಒಳಗೆ ಉಳಿದ ನೀರಿನ ಭಾರದಿಂದ ಅದು ಜಾರುವ ಸಂಭವವುಂಟು.

ಏರಿಯ ನಡುವೆ ಜಿಗುಟಾದ ಜೇಡಿಮಣ್ಣಿನ ಗೋಡೆಯಂಥ ಭಾಗವಿರುತ್ತದೆ. ಇದನ್ನು ತಿರುಳು ಎನ್ನಬಹುದು. ನೀರನ್ನು ತಡೆಯುವುದು ಇದರ ಕೆಲಸ. ಜೇಡಿಮಣ್ಣು ನೀರನ್ನು ತಡೆಯುವುದರಲ್ಲಿ ಸಮರ್ಥವಾದರೂ ನೆನೆದಾಗ ಮೆತ್ತಗಾಗಿ, ಒಣಗಿದಾಗ ಬಿರಿಯುತ್ತದೆ. ಆದುದರಿಂದ ಅದರ ಎರಡೂ ಪಕ್ಕಗಳಲ್ಲಿ ಮರಳು ಮತ್ತು ಗರಸು ಬೆರೆತ ಒರಟು ಮಣ್ಣನ್ನು ಹೊದಿಕೆಯಾಗಿ ಹಾಕುತ್ತಾರೆ. ತಿರುಳು ನೀರನ್ನು ತಡೆಯುತ್ತದೆ, ಹೊದಿಕೆ ತಿರುಳನ್ನು ಹಿಡಿದು ನಿಲ್ಲಿಸುತ್ತದೆ. ನೀರು ಏರಿಯ ಕೆಳಗಿನಿಂದ ನುಸುಳದಂತೆ ನೆಲವನ್ನು ಬಂಡೆಯವರೆಗೆ ಅಥವಾ ಗಟ್ಟಿ ಪದರದವರೆಗೆ ಅಗೆದು, ಆ ಕಂದಕವನ್ನೂ ಜೇಡಿಮಣ್ಣಿನಿಂದಲೇ ತುಂಬುತ್ತಾರೆ. ಅಲೆಗಳ ಹೊಡೆತಕ್ಕೆ ಮಣ್ಣು ಕರಗದಂತೆ ನೀರಿನ ಕಡೆಗೆ ಕಲ್ಲುಗಳನ್ನು ಹಾಸುತ್ತಾರೆ. ಮಳೆಯ ನೀರು ಕೊರೆಯದಂತೆ ಹಿಂಭಾಗದಲ್ಲಿ ಹುಲ್ಲು ಬೆಳೆಸುತ್ತಾರೆ.

ಸೋರುವ ನೀರಿನ ಗುಟ್ಟು

ಯಾವ ಮಣ್ಣಿನ ಅಣೆಕಟ್ಟೂ ಪೂರ್ಣವಾಗಿ ನೀರು ಸೋರದಂತೆ ಇರಲಾರದು. ಜಲಾಶಯದ ನೀರು ಮಣ್ಣಿನ ಕಣಗಳ ನಡುವೆ ಬಹು ನಿಧಾನವಾಗಿ ನುಸುಳಿ, ಕ್ರಮೇಣ ಕೆಳಮುಖವಾಗಿ ಬಾಗಿ, ಹಿಂಭಾಗದ ಬುಡದತ್ತ ಸಾಗುತ್ತದೆ. ಈ ನೀರು ಹಿಂಭಾಗದ ಇಳಿಜಾರಿನ ನಡುವೆ ಎಲ್ಲಿಯಾದರೂ ಹೊರಬಿದ್ದರೆ ಅಲ್ಲಿನ ಮಣ್ಣನ್ನು ಮೆತ್ತಗೆ ಮಾಡಿ ಕುಸಿಯುವಂತೆ ಮಾಡುತ್ತದೆ. ಅದನ್ನು ಏರಿಯ ಒಳಗೇ ಹಿಡಿದು, ಬುಡದಲ್ಲಿರುವ ಮರಳು ಜಲ್ಲಿಗಳ ಸೋಸುಪದರದ ಮೂಲಕ ಹೊರಗಿನ ಚರಂಡಿಗೆ ಹರಿಸುತ್ತಾರೆ.

ಸೋಸುಪದರದಲ್ಲಿ ಮಣ್ಣಿನ ಪಕ್ಕ ನಯವಾದ ಮರಳು, ಅದರಾಚೆ ದಪ್ಪ ಮರಳು, ಅದರಾಚೆ ಜಲ್ಲಿ ಎಂಬ ಕ್ರಮವಿರುತ್ತದೆ. ಪ್ರತಿಯೊಂದು ಪದರದ ಸಂದುಗಳೂ ಹಿಂದಿನ ಪದರದ ಕಣಗಳು ನುಸುಳಲಾರದಷ್ಟು ಕಿರಿದಾಗಿರಬೇಕು. ನೀರು ಸರಾಗವಾಗಿ ಹರಿಯುವಷ್ಟು ಹಿರಿದೂ ಆಗಿರಬೇಕು. ಹೀಗೆ ನೀರಿಗೆ ದಾರಿ ಬಿಟ್ಟು ಮಣ್ಣಿಗೆ ದಾರಿ ಕೊಡದಿರುವುದೇ ಮಣ್ಣಿನ ಅಣೆಕಟ್ಟಿನ ವಿಜ್ಞಾನದ ಮುಖ್ಯ ಸೂತ್ರ.

ಆದುದರಿಂದ ಏರಿಯ ಹಿಂದೆ ಚರಂಡಿಯಲ್ಲಿ ತಿಳಿನೀರು ಒಂದೇ ಪ್ರಮಾಣದಲ್ಲಿ ಹರಿಯುತ್ತಿದ್ದರೆ ಗಾಬರಿಪಡಬೇಕಾಗಿಲ್ಲ. ಆ ನೀರು ಕದಡಿದ ಬಣ್ಣಕ್ಕೆ ತಿರುಗಿದರೆ, ಅಥವಾ ಜಲಾಶಯದ ಮಟ್ಟ ಏರದಿದ್ದರೂ ಅದರ ಪ್ರಮಾಣ ಹೆಚ್ಚುತ್ತಿದ್ದರೆ, ಅದು ಏರಿಯ ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದು ತಿಳಿಯಬೇಕು. ಮೊದಲು ಬೆರಳಿನಷ್ಟು ದಪ್ಪದ ಕೊಳವೆ ಉಂಟಾಗಿ, ನೀರಿನ ವೇಗ ಹೆಚ್ಚಿದಂತೆ ಅದು ಹಿಗ್ಗಿ, ಕೆಲವೇ ಗಂಟೆಗಳಲ್ಲಿ ಏರಿಯನ್ನೇ ಕೊರೆದುಹಾಕಬಲ್ಲುದು. ಅಮೆರಿಕದ ಐಡಹೊ ರಾಜ್ಯದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು, ಮೊದಲ ಬಾರಿಗೆ ತುಂಬುತ್ತಿರುವಾಗಲೇ, ಹೀಗೆ ಒಳಗಿನಿಂದ ಕೊರೆದುಹೋಗಿ ಒಡೆಯಿತು. ಬೆಳಿಗ್ಗೆ ಕಂಡ ಕೆಸರು ನೀರಿನ ಸೋರಿಕೆ ನಡುಹಗಲಿನೊಳಗೆ ಪ್ರವಾಹವಾಗಿ ಪರಿಣಮಿಸಿತ್ತು.

ಮಣ್ಣನ್ನು ಅಡಕಗೊಳಿಸುವ ಬಗೆ

ಅಗೆದು ಸುರಿದ ಮಣ್ಣಿನಲ್ಲಿ ಗಾಳಿಯ ಸಂದುಗಳು ತುಂಬಿರುತ್ತವೆ. ಅಂಥ ಮಣ್ಣಿನ ರಾಶಿ ನೀರು ತಾಕಿದೊಡನೆ ಕುಸಿಯುತ್ತದೆ. ಹಿಂದಿನ ಕಾಲದಲ್ಲಿ ತೆಳುವಾಗಿ ಮಣ್ಣು ಹರಡಿ, ನೀರು ಚಿಮುಕಿಸಿ, ದನಗಳನ್ನೂ ಕುರಿಮಂದೆಗಳನ್ನೂ ಅದರ ಮೇಲೆ ಓಡಾಡಿಸಿ ತುಳಿಸುತ್ತಿದ್ದರು. ಗೊರಸಿನ ಕಿರಿದಾದ ತುದಿ ಮಣ್ಣಿನೊಳಕ್ಕೆ ಇಳಿದು ಕೆಳಗಿನಿಂದ ಮೇಲಕ್ಕೆ ಗಟ್ಟಿಮಾಡುತ್ತಿತ್ತು. ಇಂದು ಬಳಸುವ, ಮೈತುಂಬ ಉಕ್ಕಿನ ಗೊರಸುಗಳಿರುವ ರೋಲರ್ ಯಂತ್ರವು ಇದೇ ಅನುಭವದಿಂದ ಹುಟ್ಟಿದುದು.

ಮಣ್ಣು ಬಹಳ ಒಣಗಿದ್ದರೆ ಕಣಗಳು ಒಂದರ ಮೇಲೊಂದು ಜಾರಿ ಕೂಡಿಕೊಳ್ಳುವುದಿಲ್ಲ. ಬಹಳ ನೆನೆದಿದ್ದರೆ ಸಂದುಗಳಲ್ಲಿ ನೀರೇ ತುಂಬಿಕೊಂಡು ಒತ್ತಲು ಬರುವುದಿಲ್ಲ. ಇವೆರಡರ ನಡುವೆ, ಮಣ್ಣು ಅತ್ಯಂತ ಗಟ್ಟಿಯಾಗಿ ಕೂಡಿಕೊಳ್ಳುವ ಒಂದು ನಿಶ್ಚಿತ ತೇವದ ಪ್ರಮಾಣವಿದೆ. ಅದನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿಯುವ ವಿಧಾನವನ್ನು ಅಮೆರಿಕದ ಎಂಜಿನಿಯರ್ ಪ್ರಾಕ್ಟರ್ 1933ರಲ್ಲಿ ಪ್ರಕಟಿಸಿದನು. ಅಡಕಗೊಳಿಸಿದ ಪ್ರತಿಯೊಂದು ಪದರ 20 ಸೆಂಟಿಮೀಟರ್ ಇದ್ದರೆ 20 ಮೀಟರ್ ಎತ್ತರದ ಏರಿಗೆ ನೂರು ಪದರಗಳು ಬೇಕಾಗುತ್ತವೆ. ನೂರರಲ್ಲಿ ಒಂದು ಪದರವನ್ನು ಅವಸರದಲ್ಲಿ ಮಾಡಿದರೂ ಏರಿಯ ಈ ಬದಿಯಿಂದ ಆ ಬದಿಯವರೆಗೆ ನೀರಿಗೆ ಒಂದು ಸುಲಭ ದಾರಿ ಉಳಿದುಬಿಡುತ್ತದೆ. ಆದುದರಿಂದಲೇ ಪ್ರತಿ ಪದರವನ್ನೂ ಪರೀಕ್ಷಿಸಿದ ಮೇಲೆಯೇ ಮುಂದಿನ ಪದರ ಹಾಕುವುದು ಕಟ್ಟುನಿಟ್ಟಿನ ನಿಯಮವಾಗಿದೆ.

ಕೋಡಿ ಮತ್ತು ತೂಬು

ಮಣ್ಣಿನ ಅಣೆಕಟ್ಟಿನ ಅತ್ಯಂತ ದೊಡ್ಡ ಶತ್ರು ನೆತ್ತಿಯ ಮೇಲೆ ಹರಿಯುವ ನೀರು. ಲತೀಫ್ ಶಾಹ್ ಒಡ್ಡಿನ ಮೇಲೆ ನೀರು ಹರಿದರೆ ಅದು ನೋಡಲು ಚೆಲುವಾದ ದೃಶ್ಯ. ಮಣ್ಣಿನ ಏರಿಯ ಮೇಲೆ ಹರಿದರೆ ಅದು ಅನಾಹುತ. ಹೆಚ್ಚಾದ ನೀರನ್ನು ಏರಿಗೆ ಸೋಕದಂತೆ ಹೊರಹಾಕಲು ಪಕ್ಕದ ಗಟ್ಟಿ ನೆಲದಲ್ಲಿ ಕಲ್ಲು ಅಥವಾ ಕಾಂಕ್ರೀಟಿನ ಕೋಡಿಯನ್ನು ನಿರ್ಮಿಸುತ್ತಾರೆ. ಪ್ರವಾಹದ ಅತ್ಯುನ್ನತ ಮಟ್ಟಕ್ಕಿಂತ ಏರಿಯ ನೆತ್ತಿಯನ್ನು ಇನ್ನೂ ಎತ್ತರಕ್ಕೆ ಒಯ್ದು, ಅಲೆಗಳಿಗಾಗಿ ಸ್ವಲ್ಪ ಎಡೆ ಬಿಟ್ಟಿರುತ್ತಾರೆ. ಕಾಲುವೆಗೆ ನೀರು ಬಿಡುವ ತೂಬು ಮಣ್ಣಿನ ಏರಿಯನ್ನು ಹಾಯ್ದುಹೋಗುವುದಾದರೆ, ಅದರ ಗೋಡೆ ಮತ್ತು ಮಣ್ಣು ಕೂಡುವ ಜಾಗವೇ ಸೋರಿಕೆಗೆ ಅತ್ಯಂತ ಅನುಕೂಲವಾದ ಸ್ಥಳ. ಅಲ್ಲಿ ವಿಶೇಷ ಎಚ್ಚರ ಅಗತ್ಯ.

ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ದುಃಖಕರ ಉದಾಹರಣೆಗಳಿವೆ. ಮಹಾರಾಷ್ಟ್ರದ ಪಾನ್ಷೆತ್ ಮಣ್ಣಿನ ಅಣೆಕಟ್ಟು ಪೂರ್ಣಗೊಳ್ಳುವ ಮೊದಲೇ ತುಂಬಿ, 1961ರ ಜುಲೈ 12ರಂದು ಒಡೆದಾಗ, ಅದರ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಒಡೆದು ಪುಣೆ ನಗರದ ಬಹುಭಾಗ ಜಲಾವೃತವಾಯಿತು. ಗುಜರಾತಿನ ಮಚ್ಛು-2 ಅಣೆಕಟ್ಟಿಗೆ 1979ರ ಆಗಸ್ಟ್ 11ರಂದು ಬಂದ ಪ್ರವಾಹವು ಅದರ ಕೋಡಿಯ ಸಾಮರ್ಥ್ಯವನ್ನು ಬಹುವಾಗಿ ಮೀರಿತ್ತು. ನೀರು ಇಕ್ಕೆಲಗಳ ಮಣ್ಣಿನ ಏರಿಗಳ ಮೇಲೆ ಹರಿದು ಅವುಗಳನ್ನು ಕೊಚ್ಚಿಕೊಂಡುಹೋಯಿತು. ಕೆಳಗಿದ್ದ ಮೋರ್ಬಿ ಪಟ್ಟಣದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಆಂಧ್ರಪ್ರದೇಶದ ಚೆಯ್ಯೇರು ನದಿಯ ಅನ್ನಮಯ್ಯ ಜಲಾಶಯದ ಮಣ್ಣಿನ ಏರಿ 2021ರ ನವೆಂಬರ್ 19ರಂದು ಕೊಚ್ಚಿಹೋದುದು ಇತ್ತೀಚಿನ ನೆನಪು.

ಜಲಾಶಯದ ಒಂದು ವರ್ಷ

ಕರ್ಮನಾಶಾ ಬಯಲಿನಲ್ಲಿ ಜೂನ್ ತಿಂಗಳಲ್ಲಿ ಬತ್ತದ ಸಸಿಮಡಿಗಳು ಸಿದ್ಧವಾಗುತ್ತವೆ. ಜುಲೈಯಲ್ಲಿ ನಾಟಿ. ಈ ಹೊತ್ತಿಗೆ ಮಳೆ ತಡವಾದರೆ ಹಿಂದಿನ ವರ್ಷದಿಂದ ಉಳಿಸಿಕೊಂಡ ನೀರೇ ಗತಿ. ಆಗಸ್ಟಿನಲ್ಲಿ ಜಲಾಶಯ ತುಂಬುತ್ತದೆ. ಸೆಪ್ಟೆಂಬರಿನ ಕೊನೆಗೆ ತೆನೆ ಹೊರಡುವ ಕಾಲದಲ್ಲಿ ಗದ್ದೆಗೆ ಮತ್ತೆ ನೀರು ಬೇಕು. ಕನ್ನಡ ರೈತರು ಹಸ್ತಾ ಮಳೆಯನ್ನು ಎದುರುನೋಡುವಂತೆ ಅಲ್ಲಿನ ರೈತರು ‘ಹಥಿಯಾ’ ಮಳೆಯನ್ನು ಎದುರುನೋಡುತ್ತಾರೆ. ಎರಡೂ ಒಂದೇ ನಕ್ಷತ್ರದ ಹೆಸರುಗಳು. ಆ ಮಳೆ ಕೈಕೊಟ್ಟ ವರ್ಷ ತೆನೆ ಜೊಳ್ಳಾಗದಂತೆ ಕಾಪಾಡುವುದು ಜಲಾಶಯದ ನೀರು. ಚಳಿಗಾಲದಲ್ಲಿ ಉಳಿದ ನೀರು ಗೋದಿಗೆ ಸಲ್ಲುತ್ತದೆ.

ಜಲಾಶಯವನ್ನು ನಡೆಸುವವರ ಮುಂದೆ ಪ್ರತಿ ವರ್ಷವೂ ಒಂದು ಕಠಿಣ ಪ್ರಶ್ನೆ ಇರುತ್ತದೆ. ಆಗಸ್ಟಿನಲ್ಲಿಯೇ ಜಲಾಶಯವನ್ನು ತುಂಬಿಸಿಕೊಂಡರೆ, ಬಳಿಕ ಬರುವ ದೊಡ್ಡ ಮಳೆಯ ನೀರಿಗೆ ಜಾಗವಿರುವುದಿಲ್ಲ. ಆಗ ಬಾಗಿಲುಗಳನ್ನು ಒಮ್ಮೆಲೇ ತೆರೆಯಬೇಕಾಗಿ, ಕೆಳಗಿನ ಹಳ್ಳಿಗಳ ಬೆಳೆ ಮುಳುಗುತ್ತದೆ. ಜಾಗ ಖಾಲಿ ಇಟ್ಟು ಕಾದರೆ, ಮಳೆ ಬಾರದೆ ಹೋದಾಗ ಸೆಪ್ಟೆಂಬರಿನ ಬತ್ತ ಒಣಗುತ್ತದೆ. ಒಂದು ಕಡೆ ನೆರೆಯ ಭಯ, ಇನ್ನೊಂದು ಕಡೆ ಬರದ ಭಯ. ಮೇಲಿನ ನೌಗಢ, ಕೆಳಗಿನ ಮೂಸಾಖಾಂಡ್ ಒಂದೇ ನದಿಯ ಮೇಲಿರುವುದರಿಂದ ಮೇಲಿನ ಬಾಗಿಲು ತೆರೆಯುವ ನಿರ್ಧಾರ ಕೆಳಗಿನ ಜಲಾಶಯಕ್ಕೆ ಸಕಾಲದಲ್ಲಿ ತಲುಪಲೇಬೇಕು. ಮಳೆಮಾಪಕಗಳ ವರದಿ, ಹವಾಮಾನ ಮುನ್ಸೂಚನೆ ಮತ್ತು ತಿಂಗಳುವಾರು ಜಲಮಟ್ಟದ ನಿಯಮಪಟ್ಟಿ ಇವುಗಳ ನೆರವಿನಿಂದ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲಾಗುತ್ತದೆ.

ಜಲಾಶಯಕ್ಕೆ ಇನ್ನೊಂದು ನಿಧಾನವಾದ ಶತ್ರು ಹೂಳು. ಬೆಟ್ಟದ ಕಾಡು ತೆಳುವಾದಂತೆ ಮಳೆಯೊಂದಿಗೆ ಮೇಲ್ಮಣ್ಣು ಕೊಚ್ಚಿಬಂದು ತಳದಲ್ಲಿ ಕೂಡುತ್ತದೆ. ನೀರು ನಿಲ್ಲುವ ಜಾಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಚಂದ್ರಪ್ರಭಾ ಕಣಿವೆಯ ಕಾಡನ್ನು 1957ರಲ್ಲಿ ವನ್ಯಜೀವಿಧಾಮವಾಗಿ ಘೋಷಿಸಿ, ಗೀರ್ ಸಿಂಹಗಳಿಗೆ ಎರಡನೆಯ ನೆಲೆ ಕಲ್ಪಿಸಲು ಕೆಲವು ಸಿಂಹಗಳನ್ನು ತಂದು ಬಿಡಲಾಗಿತ್ತು. ಅವುಗಳ ಸಂಖ್ಯೆ ಮೊದಲು ಬೆಳೆದು, 1960ರ ದಶಕದಲ್ಲಿ ಅವು ಕಣ್ಮರೆಯಾದವು. ಸಿಂಹಗಳು ಉಳಿಯದಿದ್ದರೂ ಆ ಕಾಡು ಉಳಿಯುವುದು ಅಣೆಕಟ್ಟಿನ ಆಯುಷ್ಯದ ದೃಷ್ಟಿಯಿಂದ ಅಗತ್ಯವಾಗಿದೆ.

ಕಾಲುವೆಯ ಕೊನೆಯ ಹೊಲ

ಅಣೆಕಟ್ಟಿನಲ್ಲಿ ನೀರು ನಿಂತ ಮಾತ್ರಕ್ಕೆ ನೀರಾವರಿ ಸಾಧಿಸಿದಂತಾಗುವುದಿಲ್ಲ. ಕಾಲುವೆಯ ತಲೆಭಾಗದ ರೈತರಿಗೆ ನೀರು ಹೇರಳವಾಗಿ ದೊರೆತು, ಕೊನೆಯ ಭಾಗದವರು ಬರಿಗಾಲುವೆ ನೋಡಬೇಕಾದ ಪರಿಸ್ಥಿತಿ ದೇಶದ ಎಲ್ಲ ಅಚ್ಚುಕಟ್ಟುಗಳಲ್ಲಿಯೂ ಕಾಣುತ್ತದೆ. ಉತ್ತರ ಪ್ರದೇಶದಲ್ಲಿ ಕಾಲುವೆಯ ಸಣ್ಣ ತೂಬನ್ನು ‘ಕುಲಾಬಾ’ ಎಂದೂ, ಸರದಿಯ ಪ್ರಕಾರ ನೀರು ಹಂಚುವ ಪದ್ಧತಿಯನ್ನು ‘ಓಸರಾಬಂದಿ’ ಎಂದೂ ಕರೆಯುತ್ತಾರೆ. ಪ್ರತಿ ಹೊಲದ ವಿಸ್ತೀರ್ಣಕ್ಕೆ ಅನುಗುಣವಾಗಿ ವಾರದ ಇಂತಿಷ್ಟು ಹೊತ್ತು ನೀರು ಎಂದು ಇದರಲ್ಲಿ ಗೊತ್ತುಮಾಡಲಾಗುತ್ತದೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ನೀರಗಂಟಿಯು ಮಾಡುತ್ತಿದ್ದ ಕೆಲಸವೂ ಇದೇ ಆಗಿತ್ತು. ರೈತರೇ ಸಂಘ ಕಟ್ಟಿಕೊಂಡು ಕಾಲುವೆಗಳ ನಿರ್ವಹಣೆಯಲ್ಲಿ ಪಾಲ್ಗೊಳ್ಳಲು ಆ ರಾಜ್ಯದಲ್ಲಿ 2009ರಲ್ಲಿ ಪ್ರತ್ಯೇಕ ಕಾಯಿದೆ ಬಂದಿದೆ. ಮೇಲಿನವರು ಸರದಿಯನ್ನು ಮೀರದಿದ್ದರೆ ಮಾತ್ರ ಕೊನೆಯ ಹೊಲಕ್ಕೆ ನೀರು ತಲುಪುತ್ತದೆ.

ಪ್ರಾಚೀನರ ಅರಿವು

ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಬಳಿ 1369ರ ಸಂಸ್ಕೃತ ಶಾಸನವೊಂದಿದೆ. ಸಾವಿರ ಆಳುಗಳು ಎರಡು ವರ್ಷ ದುಡಿದು ಅದನ್ನು ಕಟ್ಟಿದರೆಂದು ಅದು ತಿಳಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಅದರಲ್ಲಿ ಎಣಿಸಲಾಗಿದೆ. ಜಲಶಾಸ್ತ್ರ ಬಲ್ಲವನು, ಗಟ್ಟಿಯಾದ ಜೇಡಿ ನೆಲ, ಸಿಹಿನೀರಿನ ನದಿ, ಗುಡ್ಡಗಳ ನಡುವೆ ಹೆಚ್ಚು ಉದ್ದವಲ್ಲದ ದೃಢವಾದ ಏರಿ, ಸಮೀಪದಲ್ಲಿ ಕಲ್ಲಿನ ಗಣಿ, ನುರಿತ ಕೆಲಸಗಾರರು ಇವು ಅಂಗಗಳಲ್ಲಿ ಕೆಲವು. ಏರಿಯಿಂದ ನೀರು ಸೋರುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಭೂಮಿ ಹೆಚ್ಚಿರುವುದು, ಭೂಮಿ ಕಡಿಮೆಯಾಗಿ ನೀರು ಹೆಚ್ಚಿರುವುದು ಇವು ಆರು ದೋಷಗಳು.

ಈ ಪಟ್ಟಿಯನ್ನು ಕರ್ಮನಾಶಾ ಕಣಿವೆಗೆ ಹೋಲಿಸಿ ನೋಡುವುದು ಬೋಧಪ್ರದವಾಗಿದೆ. ಸೋರಿಕೆಗೆ ಇಂದು ಸೋಸುಪದರದ ಉಪಾಯವಿದೆ. ನೀರು ಮತ್ತು ಭೂಮಿಯ ಪ್ರಮಾಣವನ್ನು ಲೆಕ್ಕಹಾಕಿ ಹೊಂದಿಸಬಹುದು. ಸಾಲದಿದ್ದರೆ ಗಂಗೆಯಿಂದ ಎತ್ತಿ ತರಬಹುದು. ಎರಡು ರಾಜ್ಯಗಳ ಗಡಿಯಲ್ಲಿ ಹರಿಯುವ ನದಿಯ ನೀರು ಮಾತ್ರ ಇಂದಿಗೂ ಎಂಜಿನಿಯರನ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಅಲ್ಲಿ ಪರಸ್ಪರ ಒಪ್ಪಂದ ಮತ್ತು ವಿಶ್ವಾಸ ಬೇಕು. ಆರು ಶತಮಾನಗಳಿಗೂ ಹಿಂದೆಯೇ ಇದನ್ನು ಗುರುತಿಸಿದ ಶಾಸನಕಾರನ ದೂರದೃಷ್ಟಿ ಗಮನಾರ್ಹವಾದುದು.

ಕಟ್ಟಿದ ಕೆರೆಯನ್ನು ಕಾಪಾಡಲು ಹಿಂದಿನವರು ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮೊದಲಾದ ಹೆಸರುಗಳಲ್ಲಿ ಭೂಮಿಯನ್ನೂ ಆದಾಯವನ್ನೂ ಮೀಸಲಿಡುತ್ತಿದ್ದುದು ಕನ್ನಡ ಶಾಸನಗಳಿಂದ ತಿಳಿದುಬರುತ್ತದೆ. ಕಟ್ಟುವಾಗಲೇ ಕಾಪಾಡುವ ಹಣವನ್ನೂ ಗೊತ್ತುಮಾಡುವುದು ಅವರ ಕ್ರಮವಾಗಿತ್ತು.

ಕಾನೂನು ಮತ್ತು ಜನರ ಹೊಣೆ

ಅಣೆಕಟ್ಟುಗಳ ಸುರಕ್ಷತೆಗಾಗಿ ಸಂಸತ್ತು 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯಿದೆಯನ್ನು ಅಂಗೀಕರಿಸಿತು. ಇದರ ಪ್ರಕಾರ ರಾಷ್ಟ್ರೀಯ ಅಣೆಕಟ್ಟು ಸುರಕ್ಷತಾ ಪ್ರಾಧಿಕಾರವೂ ರಾಜ್ಯಗಳಲ್ಲಿ ಸುರಕ್ಷತಾ ಸಂಸ್ಥೆಗಳೂ ಏರ್ಪಟ್ಟಿವೆ. ಮಳೆಗಾಲಕ್ಕೆ ಮೊದಲು ಮತ್ತು ಅನಂತರ ಪ್ರತಿ ಅಣೆಕಟ್ಟನ್ನೂ ತಪಾಸಣೆ ಮಾಡುವುದು, ತುರ್ತು ಸಂದರ್ಭದ ಕಾರ್ಯಯೋಜನೆಯನ್ನು ಸಿದ್ಧವಾಗಿಡುವುದು, ನಿರ್ವಹಣೆಗೆ ಸಾಕಷ್ಟು ಹಣ ಒದಗಿಸುವುದು ಅಣೆಕಟ್ಟಿನ ಒಡೆತನವುಳ್ಳವರ ಕರ್ತವ್ಯವೆಂದು ಕಾಯಿದೆ ವಿಧಿಸಿದೆ. ನೌಗಢದಂಥ ಅಣೆಕಟ್ಟುಗಳು ಆರು ದಶಕಗಳನ್ನು ದಾಟಿವೆ. ಮನೆಯ ಹಿರಿಯರ ಆರೋಗ್ಯದಂತೆ ಹಳೆಯ ಅಣೆಕಟ್ಟಿನ ಆರೋಗ್ಯವನ್ನೂ ಆಗಿಂದಾಗ್ಗೆ ನೋಡಿಕೊಳ್ಳಬೇಕು.

ಎಂಜಿನಿಯರರು ವರ್ಷದಲ್ಲಿ ಕೆಲವು ಬಾರಿ ಏರಿಯ ಮೇಲೆ ನಡೆದು ಪರೀಕ್ಷಿಸಿದರೆ, ದನ ಕಾಯುವವರು, ಮೀನು ಹಿಡಿಯುವವರು, ಪಕ್ಕದ ಹೊಲದವರು ದಿನವೂ ಅದನ್ನು ನೋಡುತ್ತಿರುತ್ತಾರೆ. ಕರ್ನಾಟಕದ ಹಳ್ಳಿಯ ಕೆರೆಯಾಗಲಿ, ಕೈಮೂರ್ ಬೆಟ್ಟದ ಜಲಾಶಯವಾಗಲಿ, ಮಣ್ಣಿನ ಏರಿಯ ಬಳಿ ವಾಸಿಸುವವರು ಈ ಕೆಳಗಿನ ಲಕ್ಷಣಗಳನ್ನು ಅರಿತಿರಬೇಕು:

1. ಏರಿಯ ಹಿಂಭಾಗದಲ್ಲಿ ಹೊಸದಾಗಿ ತೇವ ಕಾಣುವುದು; ಬೇಸಿಗೆಯಲ್ಲಿಯೂ ಒಂದೇ ಕಡೆ ಹುಲ್ಲು ಹಸಿರಾಗಿರುವುದು.

2. ಸೋರುವ ನೀರು ಕೆಸರಾಗುವುದು, ಅಥವಾ ಬುಡದ ನೆಲದಲ್ಲಿ ಮರಳಿನೊಂದಿಗೆ ನೀರು ಕುದಿಯುವಂತೆ ಉಕ್ಕುವುದು.

3. ಏರಿಯ ನೆತ್ತಿಯಲ್ಲಿ ಉದ್ದಕ್ಕೆ ಅಥವಾ ಅಡ್ಡಲಾಗಿ ಬಿರುಕು ಬಿಡುವುದು. ಯಾವುದಾದರೂ ಭಾಗ ತಗ್ಗುವುದು. ಅಡ್ಡ ಬಿರುಕು ನೀರಿಗೆ ನೇರ ದಾರಿಯಾಗುವುದರಿಂದ ಹೆಚ್ಚು ಅಪಾಯಕಾರಿ.

4. ಇಲಿ, ಹೆಗ್ಗಣ, ನರಿಗಳ ಬಿಲಗಳು. ದೊಡ್ಡ ಮರಗಳು ಬೆಳೆಯುವುದು. ಮರ ಸತ್ತ ಬಳಿಕ ಕೊಳೆತ ಬೇರುಗಳ ಜಾಗ ನೀರಿನ ಕೊಳವೆಯಾಗುತ್ತದೆ.

5. ಕೋಡಿಯಲ್ಲಿ ಗಿಡಗಂಟಿ, ಕಲ್ಲು ಅಥವಾ ಮೀನಿನ ಬಲೆಗಳಿಂದ ನೀರಿನ ದಾರಿ ಕಟ್ಟಿಕೊಳ್ಳುವುದು.

ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ನೀರಾವರಿ ಇಲಾಖೆಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಏರಿಯ ಮಣ್ಣನ್ನು ಮನೆ ಕೆಲಸಕ್ಕೆ ತೆಗೆಯುವುದು, ಅದರ ಮೇಲೆ ಬಂಡಿ ಇಳಿಸಲು ದಾರಿ ಕಡಿಯುವುದು, ಹೆಚ್ಚು ನೀರು ನಿಲ್ಲಲೆಂದು ಕೋಡಿಗೆ ಮರಳಿನ ಮೂಟೆ ಅಡ್ಡ ಇಡುವುದು ಇವು ಇಡೀ ಊರಿಗೆ ಕೇಡು ತರುವ ಕೆಲಸಗಳು.

ಮಣ್ಣಿನ ಅಣೆಕಟ್ಟು ನಿಂತಿರುವುದು ಅದರಲ್ಲಿ ಹಾಕಿದ ಮಣ್ಣಿನ ಬಲದಿಂದ ಮಾತ್ರವಲ್ಲದೆ, ಪ್ರತಿ ವರ್ಷ ಅದಕ್ಕೆ ಸಲ್ಲುವ ಆರೈಕೆಯಿಂದಲೂ ಹೌದು. ಹಸ್ತಾ ಮಳೆ ಬಾರದ ವರ್ಷ ಚಂದೌಲಿಯ ಬಯಲಿನಲ್ಲಿ ಬತ್ತದ ತೆನೆ ತುಂಬಬೇಕಾದರೆ, ಅದಕ್ಕೆ ಬಹು ಮೊದಲೇ, ಬೇಸಿಗೆಯಲ್ಲಿಯೇ, ಬೆಟ್ಟದ ಬುಡದ ಏರಿಯ ಬಿಲಗಳನ್ನು ಮುಚ್ಚಿ, ಚರಂಡಿಗಳನ್ನು ಶುಚಿಮಾಡಿ, ಕೋಡಿಯನ್ನು ತೆರವ ಮಾಡಿರಬೇಕು. ಇದು ಕರ್ಮನಾಶಾ ಕಣಿವೆಗೂ ಕನ್ನಡ ನಾಡಿನ ಪ್ರತಿಯೊಂದು ಕೆರೆಗೂ ಸಮಾನವಾಗಿ ಅನ್ವಯಿಸುವ ಪಾಠವಾಗಿದೆ.